ಮಿಕ್ಕ ಮುಸುಕಿನ ಜೋಳದ ತರಿ

ಇಟಲಿ ದೇಶದ ಉತ್ತರ ಪ್ರಾಂತಗಳಲ್ಲಿ ಮುಸುಕಿನ ಜೋಳದ ತರಿಯನ್ನು ಕುದಿಯುವ ಉಪ್ಪುನೀರಿಗೆ ಸುರಿದು, ಮುಕ್ಕಾಲು ಗಂಟೆಯ ಕಾಲ ತೊಳಸಿ, ಗಟ್ಟಿಯಾದ ಅಂಬಲಿಯನ್ನು ಮಾಡುವರು. ಇದಕ್ಕೆ ಪೊಲೆಂಟಾ ಎಂದು ಹೆಸರು. ರಾಗಿಮುದ್ದೆಯನ್ನು ತೊಳಸಿ ಬಲ್ಲ ನಮ್ಮ ವಾಚಕರಿಗೆ ಇದರ ಕ್ರಮವನ್ನು ವಿವರಿಸಬೇಕಾದ ಅಗತ್ಯವಿಲ್ಲ. ಈಚೆಗೆ ನಮ್ಮ ದೊಡ್ಡ ನಗರಗಳ ಅಂಗಡಿಗಳಲ್ಲಿಯೂ ಈ ತರಿ ಪೊಟ್ಟಣಗಳಲ್ಲಿ ದೊರೆಯುತ್ತಿದೆ. ಒಂದು ದಿನದ ಕುತೂಹಲಕ್ಕೆಂದು ಕೊಂಡವರ ಮನೆಯಲ್ಲಿ ಪೊಟ್ಟಣದ ಬಹುಭಾಗ ಹಾಗೆಯೇ ಉಳಿಯುವುದುಂಟು. ಬೇಯಿಸಿದ ಪದಾರ್ಥದಲ್ಲಿಯೂ ಅಷ್ಟಿಷ್ಟು ಮಿಗುವುದುಂಟು. ಇವೆರಡನ್ನೂ ಎಸೆಯುವುದು ಅವಿವೇಕವೆಂದು ನಮ್ಮ ಅಭಿಪ್ರಾಯ. ಎಸೆಯಬಾರದೆಂಬ ಒಂದೇ ಕಾರಣಕ್ಕಾಗಿ ಅದನ್ನೇ ದಿನವೂ ಉಣ್ಣುವುದು ಅದಕ್ಕಿಂತಲೂ ದೊಡ್ಡ ಅವಿವೇಕ.

ಮೊದಲು ಬೆಂದು ಮಿಕ್ಕುದರ ವಿಷಯವನ್ನು ನೋಡೋಣ. ಈ ಜೋಳದ ಪಿಷ್ಟದ ಕಣಗಳು ಸುಮಾರು 62ರಿಂದ 72 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ ನೀರನ್ನು ಹೀರಿ ಉಬ್ಬುತ್ತವೆ. ಆಗ ಕಣದೊಳಗಿನ ಅಮೈಲೋಸ್ ಎಂಬ ನೀಳವಾದ ಅಣುಗಳು ಹೊರಬಂದು ನೀರಿನಲ್ಲಿ ಬೆರೆಯುತ್ತವೆ. ಪದಾರ್ಥವು ಆರಿದಂತೆಲ್ಲ ಈ ಅಣುಗಳು ಒಂದರ ಮಗ್ಗುಲಿಗೊಂದು ಸೇರಿ, ನೀರನ್ನು ನಡುವೆ ಹಿಡಿದುಕೊಂಡು, ಬಲೆಯಂತೆ ಹೆಣೆದುಕೊಳ್ಳುತ್ತವೆ. ಬಿಸಿಯಲ್ಲಿ ಸೌಟಿನಿಂದ ಬಡಿಸಬಹುದಾಗಿದ್ದುದು ಆರಿದ ಮೇಲೆ ಚಾಕುವಿನಿಂದ ಕೊಯ್ಯುವಷ್ಟು ಗಟ್ಟಿಯಾಗುವುದು ಇದರಿಂದಲೇ. ಇದನ್ನು ಕಂಡು ಅಡಿಗೆ ಕೆಟ್ಟಿತೆಂದು ಭಾವಿಸುವವರುಂಟು. ವಾಸ್ತವವಾಗಿ ಅದು ಎರಡನೆಯ ಅಡಿಗೆಗೆ ಸಿದ್ಧವಾಗಿರುತ್ತದೆ. ತಂಗಳು ಮುದ್ದೆಯನ್ನು ಮಜ್ಜಿಗೆಯಲ್ಲಿ ಕಲಸಿ ಕುಡಿಯುವ ನಮ್ಮ ರೈತನಿಗೆ ಈ ಮಾತು ಹೊಸತಲ್ಲ.

ಆದಕಾರಣ, ಮಿಕ್ಕುದನ್ನು ಬಿಸಿಯಿರುವಾಗಲೇ ಎಣ್ಣೆ ಸವರಿದ ತಟ್ಟೆಯಲ್ಲಿ ಬೆರಳು ದಪ್ಪಕ್ಕೆ ಹರಡಿ, ಎರಡು ಗಂಟೆಗಳೊಳಗಾಗಿ ಶೀತಪೆಟ್ಟಿಗೆಯಲ್ಲಿಡತಕ್ಕದ್ದು. ಮರುದಿನ ಬಿಲ್ಲೆಗಳಾಗಿ ಕೊಯ್ದು, ತೇವವನ್ನು ಒರೆಸಿ, ಕಾವಲಿಯ ಮೇಲೆ ಎಣ್ಣೆ ಹಾಕಿ ಕೆಂಪಗೆ ಬೇಯಿಸಿದರೆ ಮೇಲ್ಭಾಗ ಗರಿಗರಿಯಾಗಿಯೂ ಒಳಭಾಗ ಮೃದುವಾಗಿಯೂ ಇರುವುದು. ತೇವವನ್ನು ಒರೆಸದಿದ್ದರೆ ಎಣ್ಣೆ ಸಿಡಿಯುವುದು. ಇಟಲಿಯವರು ಇಂಥ ಬಿಲ್ಲೆಗಳ ನಡುವೆ ಗಿಣ್ಣನ್ನೂ ಟೊಮೇಟೊ ಸಾರವನ್ನೂ ಹರಡಿ ಒಲೆಯಲ್ಲಿ ಸುಡುವರು. ರುಮೇನಿಯದವರು ತಮ್ಮ ‘ಮಮಲಿಗ’ ಎಂಬ ಇಂಥದೇ ಅಡಿಗೆಯನ್ನು ಗಿಣ್ಣು ತುಂಬಿದ ಉಂಡೆಗಳನ್ನಾಗಿ ಕಟ್ಟಿ ಕೆಂಡದಲ್ಲಿ ಬೇಯಿಸುವರು.

ಬೇಯಿಸದೆ ಉಳಿದ ತರಿಯ ವಿಷಯ ಬೇರೆ. ಜೋಳದ ಕಾಳಿನಲ್ಲಿರುವ ಎಣ್ಣೆಯ ಬಹುಪಾಲು ಅದರ ಮೊಳಕೆಯ ಭಾಗದಲ್ಲಿದೆ. ಇಡೀ ಕಾಳನ್ನು ಬೀಸಿದಾಗ ಈ ಎಣ್ಣೆ ಗಾಳಿಗೆ ಒಡ್ಡಿಕೊಂಡು ಬೇಗನೆ ಕಮಟುತ್ತದೆ. ಮೊಳಕೆಯನ್ನು ತೆಗೆದು ಬೀಸಿದ ತರಿ ಹೆಚ್ಚು ಕಾಲ ಬಾಳುತ್ತದೆ. ಯಾವುದಾದರೂ ಸರಿ, ಬಿಗಿಯಾದ ಮುಚ್ಚಳದ ಡಬ್ಬಿಯಲ್ಲಿ ತಂಪಾದೆಡೆ ಇಡಬೇಕು. ಕಮಟು ವಾಸನೆ ಬಂದುದನ್ನು ಮಾತ್ರ ಸಂಕೋಚವಿಲ್ಲದೆ ಬಿಡಬೇಕು. ಗೋಧಿಯಲ್ಲಿರುವ ಅಂಟು ಇದರಲ್ಲಿಲ್ಲವಾದ್ದರಿಂದ ಇದೊಂದರಿಂದಲೇ ಉಬ್ಬಿದ ರೊಟ್ಟಿಯಾಗದು. ಗೋಧಿಹಿಟ್ಟಿಗೆ ಕಾಲು ಪಾಲು ಬೆರೆಸಬಹುದು. ನಮ್ಮಲ್ಲಿ ಉಪ್ಪಿಟ್ಟಿಗೂ, ಕಡಲೆಹಿಟ್ಟಿನೊಡನೆ ಕಲಸಿ ದೋಸೆಗೂ ಇದು ಒದಗುವುದು.

ಇನ್ನು ಎಚ್ಚರಿಕೆಯ ಮಾತು. ಹದಿನೆಂಟನೆಯ ಶತಮಾನದಲ್ಲಿ ಉತ್ತರ ಇಟಲಿಯ ಬಡ ರೈತರಿಗೆ ಪೊಲೆಂಟಾ ಒಂದೇ ಊಟವಾಯಿತು. ಅವರ ಚರ್ಮ ಒರಟಾಗಿ ಬಿರಿಯಿತು; ಭೇದಿ ಹತ್ತಿತು; ಕಡೆಗೆ ಬುದ್ಧಿಭ್ರಮೆಯೂ ಮರಣವೂ ಒದಗಿದವು. 1771ರಲ್ಲಿ ಮಿಲಾನಿನ ವೈದ್ಯ ಫ್ರಪೋಲಿ ಎಂಬಾತನು ಈ ರೋಗವನ್ನು ಜನರು ಕರೆಯುತ್ತಿದ್ದ ‘ಪೆಲಾಗ್ರಾ’ ಎಂಬ ಹೆಸರಿನಿಂದಲೇ ವರ್ಣಿಸಿದನು. ಇದು ಸೋಂಕಲ್ಲ, ಆಹಾರದ ಕೊರತೆ ಎಂಬುದನ್ನು ಅಮೆರಿಕದಲ್ಲಿ ಜೋಸೆಫ್ ಗೋಲ್ಡ್‌ಬರ್ಗರ್ 1914ರಿಂದ ನಡೆಸಿದ ಸಂಶೋಧನೆಗಳು ತೋರಿಸಿದವು. ಕೊರತೆಯಾಗಿದ್ದ ವಸ್ತು ನಿಕೋಟಿನಿಕ್ ಆಮ್ಲ, ಅಂದರೆ ನಯಾಸಿನ್, ಎಂಬುದನ್ನು 1937ರಲ್ಲಿ ಕಾನ್ರಾಡ್ ಎಲ್ವೆಯೆಮ್ ಕಂಡುಹಿಡಿದನು. ಜೋಳದಲ್ಲಿ ನಯಾಸಿನ್ ಇದ್ದರೂ ನಮ್ಮ ಕರುಳಿಗೆ ದಕ್ಕದಂತೆ ಬಂಧಿತವಾಗಿದೆ. ದೇಹವು ಅದನ್ನು ತಯಾರಿಸಿಕೊಳ್ಳಲು ಬೇಕಾದ ಟ್ರಿಪ್ಟೊಫೇನ್ ಎಂಬ ಅಮೈನೋ ಆಮ್ಲವೂ ಇದರಲ್ಲಿ ಸಾಲದು. ಮೆಕ್ಸಿಕೋದ ಮೂಲನಿವಾಸಿಗಳು ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ಆ ಬಂಧನವನ್ನು ಬಿಡಿಸುತ್ತಿದ್ದರು. ಯುರೋಪಿನವರು ಬೀಜವನ್ನು ಒಯ್ದರು. ಅದನ್ನು ಬೇಯಿಸುವ ವಿದ್ಯೆಯನ್ನು ಒಯ್ಯಲಿಲ್ಲ.

ಇದರಿಂದ ನಾವು ಕಲಿಯಬೇಕಾದುದೇನು? ಈ ತರಿಯನ್ನು ಖರ್ಚುಮಾಡಬೇಕು, ಆದರೆ ಒಂಟಿಯಾಗಿ ಅಲ್ಲ. ತೊಗರಿ, ಕಡಲೆ, ಹಾಲು, ಮೊಟ್ಟೆ, ಸೊಪ್ಪು ಇವುಗಳೊಡನೆ ವಾರಕ್ಕೊಂದೆರಡು ಸಲ ಬಳಸಿದರೆ ಜೋಳದ ಕೊರತೆಯನ್ನು ಅವು ತುಂಬಿಕೊಡುತ್ತವೆ. ಮಿಕ್ಕುದನ್ನು ಮುಗಿಸುವುದು ಉಳ್ಳವರಿಗೆ ಬರಿಯ ಮಿತವ್ಯಯದ ಪ್ರಶ್ನೆ. ಬೇರೆ ಅನ್ನವಿಲ್ಲದವರಿಗೆ ಅಗ್ಗದ ಧಾನ್ಯವೊಂದನ್ನೇ ಹಂಚಿ ಹೊಟ್ಟೆ ತುಂಬಿತೆಂದು ತೃಪ್ತರಾಗುವುದು ಅದಕ್ಕಿಂತ ಗಂಭೀರವಾದ ಪ್ರಶ್ನೆ. ದಾವಣಗೆರೆ, ಹಾವೇರಿ ಜಿಲ್ಲೆಗಳಲ್ಲಿ ಈ ಬೆಳೆ ಹೇರಳವಾಗಿದೆ. ಅದರ ಬಹುಭಾಗ ಇಂದು ಕೋಳಿಗಳ ಮೇವಿಗೂ ಪಿಷ್ಟದ ಕಾರ್ಖಾನೆಗಳಿಗೂ ಸಲ್ಲುತ್ತಿದೆ. ಅದು ಮನುಷ್ಯರ ತಟ್ಟೆಗೂ ಬರಲಿ ಎಂದು ನಾವು ಬಯಸುತ್ತೇವೆ. ಬರುವಾಗ ಬೇಳೆಯನ್ನು ಜೊತೆಯಲ್ಲಿ ಕರೆತರಲಿ ಎಂಬುದೇ ನಮ್ಮ ಸೂಚನೆ.