ಬೀಡಿ ಬಿಡಿಸುವ ಗಮ್ಮೂ ಬಿಕ್ಕಳಿಕೆಯೂ

ಬೀಡಿ ಬಿಡಬೇಕೆಂದು ಸಂಕಲ್ಪಿಸಿ, ಔಷಧದಂಗಡಿಯಿಂದ ನಿಕೋಟಿನ್ ಗಮ್ಮನ್ನು ಕೊಂಡು ತಂದ ಹೋಟೆಲು ಕಾರ್ಮಿಕನು ಮೂರನೆಯ ದಿನವೇ ಅದನ್ನು ಬಿಸುಟು ಮರಳಿ ಬೀಡಿ ಹಚ್ಚಿದುದನ್ನು ನಾವು ಒಂದಲ್ಲ, ಹಲವು ಬಾರಿ ಕಂಡಿದ್ದೇವೆ. ಕಾರಣ ಕೇಳಿದರೆ ಎಲ್ಲರದೂ ಒಂದೇ ಉತ್ತರ: ಬಿಕ್ಕಳಿಕೆ ನಿಲ್ಲಲಿಲ್ಲ, ಎದೆ ಉರಿಯಿತು, ವಾಕರಿಕೆ ಬಂದಿತು, ಬೀಡಿಯಿಂದ ಇಷ್ಟು ತೊಂದರೆ ಎಂದೂ ಆಗಿರಲಿಲ್ಲ. ಹೀಗೆ ಒಳ್ಳೆಯ ಸಂಕಲ್ಪವೊಂದು ಹೊಟ್ಟೆಯ ದೂರಿನ ಮುಂದೆ ಸೋತುಹೋಗುತ್ತದೆ. ಈ ಸೋಲು ಅನಿವಾರ್ಯವೇ ಎಂಬುದನ್ನು ಇಂದು ವಿಚಾರಿಸಬಯಸುತ್ತೇವೆ.

ನಮ್ಮ ದೇಶದಲ್ಲಿ ಈ ಪ್ರಶ್ನೆ ಸಣ್ಣದಲ್ಲ. 2016-17ರ ರಾಷ್ಟ್ರವ್ಯಾಪಿ ಸಮೀಕ್ಷೆಯಂತೆ 15 ವರ್ಷಕ್ಕೆ ಮೇಲ್ಪಟ್ಟವರಲ್ಲಿ ನೂರಕ್ಕೆ 28.6 ಮಂದಿ ಒಂದಿಲ್ಲೊಂದು ರೂಪದಲ್ಲಿ ಹೊಗೆಸೊಪ್ಪಿನ ದಾಸರು. ವಿಶ್ವ ಆರೋಗ್ಯ ಸಂಸ್ಥೆಯು ನಿಕೋಟಿನ್ ಗಮ್ಮನ್ನೂ ಚರ್ಮಕ್ಕೆ ಅಂಟಿಸುವ ಪಟ್ಟಿಯನ್ನೂ 2009ರಲ್ಲಿ ಅತ್ಯವಶ್ಯಕ ಔಷಧಗಳ ಸಾಲಿಗೆ ಸೇರಿಸಿತು. ನಮ್ಮ ಕೇಂದ್ರ ಸರ್ಕಾರವೂ 2022ರಲ್ಲಿ ನಿಕೋಟಿನ್ ಬದಲಿ ಚಿಕಿತ್ಸೆಗೆ ಅಂಥ ಸ್ಥಾನವನ್ನು ಕೊಟ್ಟಿತು. ಇದು ಸ್ವಾಗತಾರ್ಹ. ಆದರೆ ಔಷಧವು ಸರ್ಕಾರದ ಯಾದಿಗೆ ಏರಿದ ಮಾತ್ರಕ್ಕೆ ರೋಗಿಯ ಬಾಯಿಗೆ ಸರಿಯಾಗಿ ಇಳಿಯುವುದಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬ ಗಾದೆ ಇಲ್ಲಿ ನಿಜವಾಗುತ್ತಿದೆ.

ಈ ಗಮ್ಮು ಹುಟ್ಟಿದ್ದು ಸ್ವೀಡನ್ ದೇಶದಲ್ಲಿ. ಜಲಾಂತರ್ಗಾಮಿ ನೌಕೆಗಳೊಳಗೆ ಹೊಗೆಬಿಡುವಂತಿಲ್ಲದ ನಾವಿಕರು ಬಾಯಲ್ಲಿರಿಸುವ ಹೊಗೆಸೊಪ್ಪಿನಿಂದ ಚಟ ತೀರಿಸಿಕೊಳ್ಳುತ್ತಿದ್ದುದನ್ನು ಕಂಡು, 1967ರ ಸುಮಾರಿಗೆ ಓವ್ ಫರ್ನೆ ಎಂಬ ರಸಾಯನಶಾಸ್ತ್ರಜ್ಞರು ಹೊಗೆಯೂ ಸೊಪ್ಪೂ ಇಲ್ಲದೆ ನಿಕೋಟಿನನ್ನು ಮಾತ್ರ ಕೊಡುವ ದಾರಿ ಹುಡುಕತೊಡಗಿದರು. ಬೀಡಿಯಲ್ಲಿ ಮನುಷ್ಯನನ್ನು ಕೊಲ್ಲುವುದು ಮುಖ್ಯವಾಗಿ ಹೊಗೆಯಲ್ಲಿರುವ ಟಾರು, ಇಂಗಾಲದ ಮಾನಾಕ್ಸೈಡು ಮೊದಲಾದ ವಿಷಗಳು. ಅವನನ್ನು ಕಟ್ಟಿಹಾಕುವುದು ನಿಕೋಟಿನು. ಕಟ್ಟನ್ನು ಒಮ್ಮೆಗೇ ಕತ್ತರಿಸಲಾರದವನು ಅದನ್ನು ಸ್ವಲ್ಪಸ್ವಲ್ಪವಾಗಿ ಸಡಿಲಿಸಿಕೊಳ್ಳಲೆಂದೇ ಈ ಗಮ್ಮು. ಅರುವತ್ತು ಸಾವಿರಕ್ಕೂ ಮಿಕ್ಕಿದ ಜನರ ಮೇಲೆ ನಡೆದ ಪ್ರಯೋಗಗಳನ್ನು ಒಟ್ಟುಗೂಡಿಸಿ ಕಾಕ್ರೇನ್ ಸಂಸ್ಥೆಯು 2018ರಲ್ಲಿ ಪ್ರಕಟಿಸಿದ ವಿಮರ್ಶೆಯಂತೆ, ಇಂಥ ಔಷಧ ಬಳಸಿದವರು ಧೂಮಪಾನ ಬಿಡುವ ಸಂಭವವು ಒಂದೂವರೆ ಪಟ್ಟಿಗಿಂತ ಹೆಚ್ಚುತ್ತದೆ.

ಹಾಗಾದರೆ ಹೊಟ್ಟೆ ಏಕೆ ಕೆಡಬೇಕು? ಮರ್ಮವಿರುವುದು ಜಗಿಯುವ ರೀತಿಯಲ್ಲಿ. ಹೆಸರು ಗಮ್ಮಾದರೂ ಇದು ಮಕ್ಕಳ ಚ್ಯೂಯಿಂಗ್ ಗಮ್ಮಲ್ಲ. ಇದರ ನಿಕೋಟಿನು ರಕ್ತಕ್ಕೆ ಸೇರಬೇಕಾದುದು ಕೆನ್ನೆಯ ಒಳಪೊರೆಯ ಮೂಲಕ, ಗಂಟಲಿನ ಮೂಲಕವಲ್ಲ. ನಮ್ಮವರು ಎಲೆಯಡಿಕೆಯನ್ನೋ ಗುಟ್ಕಾವನ್ನೋ ಜಗಿದ ಅಭ್ಯಾಸದಲ್ಲಿ ಇದನ್ನೂ ಬಿಡದೆ ಕಚಕಚನೆ ಜಗಿಯುತ್ತಾರೆ. ಒಂದು ವ್ಯತ್ಯಾಸವೇನೆಂದರೆ, ಗುಟ್ಕಾದ ರಸವನ್ನು ಉಗಿಯುತ್ತಾರೆ, ಇದರ ರಸವನ್ನು ನುಂಗುತ್ತಾರೆ. ನುಂಗಿದ ನಿಕೋಟಿನು ಗಂಟಲನ್ನೂ ಜಠರವನ್ನೂ ಕೆರಳಿಸುತ್ತದೆ. ಬಿಕ್ಕಳಿಕೆ, ತೇಗು, ಎದೆಯುರಿ, ವಾಕರಿಕೆ ಇವೆಲ್ಲಕ್ಕೂ ಮೂಲ ಬಹುಮಟ್ಟಿಗೆ ಇದೇ. ಹೊಟ್ಟೆಗಿಳಿದುದರ ಬಹುಭಾಗವು ರಕ್ತಪ್ರವಾಹವನ್ನು ಸೇರುವ ಮೊದಲೇ ಯಕೃತ್ತಿನಲ್ಲಿ ನಾಶವಾಗುವುದರಿಂದ ಬೀಡಿಯ ಹಂಬಲವೂ ತಗ್ಗುವುದಿಲ್ಲ. ಉರಿಯೂ ತಪ್ಪಲಿಲ್ಲ, ಚಟವೂ ತೀರಲಿಲ್ಲ! ಆತುರಗಾರನಿಗೆ ಬುದ್ಧಿ ಮಟ್ಟವೆಂದು ಹಿರಿಯರು ಹೇಳಿದ್ದು ಸುಮ್ಮನಲ್ಲ.

ನಮ್ಮ ಹೋಟೆಲು ಬಂಧುಗಳಿಗೆ ಇನ್ನೊಂದು ಕಂಟಕವಿದೆ, ಅದು ಕಾಫಿ. ನಿಕೋಟಿನು ಕೆನ್ನೆಯ ಪೊರೆಯನ್ನು ದಾಟಬೇಕಾದರೆ ಬಾಯಿಯು ತುಸು ಕ್ಷಾರಯುಕ್ತವಾಗಿರಬೇಕು; ಅದಕ್ಕೆಂದೇ ಗಮ್ಮಿನಲ್ಲಿ ಸೋಡಾದಂಥ ಕ್ಷಾರವನ್ನು ಬೆರೆಸಿರುತ್ತಾರೆ. ಕಾಫಿ, ಹಣ್ಣಿನ ರಸ, ಬಾಟಲಿಯ ತಂಪುಪಾನೀಯಗಳ ಹುಳಿಯು ಈ ಏರ್ಪಾಡನ್ನೇ ಕೆಡಿಸುತ್ತದೆ. ಯಾವುದೇ ಪಾನೀಯವಾದರೂ ಬಾಯಲ್ಲಿರುವ ನಿಕೋಟಿನನ್ನು ತೊಳೆದು ಹೊಟ್ಟೆಗೆ ಇಳಿಸುತ್ತದೆ. ಆದುದರಿಂದ ಗಮ್ಮು ಹಾಕಿಕೊಳ್ಳುವ ಕಾಲು ಗಂಟೆ ಮೊದಲಿನಿಂದ, ಅದು ಬಾಯಲ್ಲಿರುವಷ್ಟು ಹೊತ್ತೂ, ತಿನ್ನುವುದನ್ನೂ ಕುಡಿಯುವುದನ್ನೂ ನಿಲ್ಲಿಸತಕ್ಕದ್ದು. ದಿನಕ್ಕೆ ಹತ್ತು ಬಾರಿ ಅರ್ಧರ್ಧ ಲೋಟ ಕಾಫಿ, ಚಹ ಹೀರುತ್ತ ಒಲೆಯ ಮುಂದೆ ನಿಲ್ಲುವವನಿಗೆ ಇದು ಸುಲಭವಲ್ಲವೆಂದು ಬಲ್ಲೆವು. ಆದರೆ ಗುಟ್ಟಿರುವುದು ಇಲ್ಲಿಯೇ.

ಸರಿಯಾದ ಕ್ರಮ ಹೀಗೆ. ಗಮ್ಮನ್ನು ನಿಧಾನವಾಗಿ, ಮೆಣಸಿನಂಥ ಚುರುಕು ರುಚಿ ಕಾಣುವವರೆಗೆ ಮಾತ್ರ ಜಗಿಯಬೇಕು. ಕೂಡಲೇ ನಿಲ್ಲಿಸಿ ಕೆನ್ನೆಗೂ ವಸಡಿಗೂ ನಡುವೆ ಒತ್ತಿ ಇಡಬೇಕು. ಒಂದೆರಡು ನಿಮಿಷದಲ್ಲಿ ಚುರುಕು ಇಳಿದ ಮೇಲೆ ಮತ್ತೆ ಕೆಲವು ಸಲ ಜಗಿದು, ಬಾಯಿಯ ಇನ್ನೊಂದು ಮಗ್ಗುಲಿಗೆ ಇಡಬೇಕು. ಹೀಗೆ ಸುಮಾರು ಅರ್ಧ ಗಂಟೆ. ಬಿಕ್ಕಳಿಕೆ ಬಂದರೆ ವೇಗ ಹೆಚ್ಚಾಯಿತೆಂದೇ ಅರ್ಥ. ಆಗ ಜಗಿಯುವುದನ್ನು ನಿಧಾನಗೊಳಿಸಬೇಕಲ್ಲದೆ ಔಷಧವನ್ನೇ ಬಿಸುಡಬಾರದು. ಗಮ್ಮು 2 ಮತ್ತು 4 ಮಿಲಿಗ್ರಾಂ ಎಂಬ ಎರಡು ಪ್ರಮಾಣಗಳಲ್ಲಿ ಬರುತ್ತದೆ. ಯಾರಿಗೆ ಯಾವುದೆಂಬುದನ್ನು ವೈದ್ಯರಿಂದ ತಿಳಿಯುವುದು ಲೇಸು. ಜಠರದ ಹುಣ್ಣು ಉಳ್ಳವರು, ಈಚೆಗೆ ಹೃದಯಾಘಾತ ಕಂಡವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಮುಟ್ಟಲೇಬಾರದು. ಮಕ್ಕಳ ಕೈಗೆ ಇದು ಎಂದೂ ಸಿಗಬಾರದು.

ಇನ್ನೊಂದು ದೂರನ್ನು ಗಮ್ಮಿನ ತಲೆಗೆ ಕಟ್ಟುವುದು ನ್ಯಾಯವಲ್ಲ. ಮುಂಜಾನೆ ಒಂದು ಬೀಡಿ ಎಳೆಯದೆ ಹೊಟ್ಟೆ ಸಡಿಲವಾಗದೆಂಬ ಮಾತು ಪ್ರತಿಯೊಂದು ಹೋಟೆಲಿನ ಅಟ್ಟದ ಮೇಲೂ ಕೇಳಿಬರುತ್ತದೆ. ಅದರಲ್ಲಿ ಸತ್ಯಾಂಶವಿಲ್ಲದಿಲ್ಲ, ನಿಕೋಟಿನು ಕರುಳನ್ನು ಚುರುಕುಗೊಳಿಸುತ್ತದೆ. ಆದುದರಿಂದ ಬೀಡಿ ಬಿಟ್ಟ ಮೊದಲ ಕೆಲವು ವಾರ ಮಲಬದ್ಧತೆ ಕಾಣಿಸಬಹುದು. ಅದು ಚಟ ಬಿಟ್ಟುದರ ಫಲ. ನೀರು, ಸೊಪ್ಪು, ಬಾಳೆಹಣ್ಣು, ಸ್ವಲ್ಪ ನಡಿಗೆ ಇವುಗಳಿಂದ ಸಾಮಾನ್ಯವಾಗಿ ಸರಿಹೋಗುತ್ತದೆ.

ಇಷ್ಟು ಸರಳವಾದ ವಿವರವು ಬಳಸುವವನಿಗೆ ತಲುಪುತ್ತಿಲ್ಲವೇಕೆ? ನಾವು ಕೊಂಡು ನೋಡಿದ ಪೊಟ್ಟಣದಲ್ಲಿ ಬಳಸುವ ಕ್ರಮವನ್ನು ಇಂಗ್ಲಿಷಿನಲ್ಲಿ, ಕನ್ನಡಕ ಹಾಕಿದರೂ ಕಾಣದಷ್ಟು ಸಣ್ಣ ಅಕ್ಷರಗಳಲ್ಲಿ ಮುದ್ರಿಸಿದ್ದರು. ಎಸ್ಸೆಸ್ಸೆಲ್ಸಿಯವರೆಗೆ ಓದಿದ ನಮಗೇ ಅದನ್ನು ಬಿಡಿಸಲು ಅರ್ಧ ಗಂಟೆ ಹಿಡಿಯಿತು; ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟು ಬಂದ ಹುಡುಗನ ಗತಿಯೇನು? ಬೀಡಿ ಕಟ್ಟಿನ ಮೇಲೆ ಎಚ್ಚರಿಕೆಯ ಚಿತ್ರವನ್ನು ದೊಡ್ಡದಾಗಿ ಅಚ್ಚುಹಾಕಿಸುವ ಸರ್ಕಾರವು, ಬೀಡಿ ಬಿಡಿಸುವ ಔಷಧದ ಮೇಲೆ ಜಗಿಯುವ ಕ್ರಮವನ್ನು ಚಿತ್ರಗಳಲ್ಲಿಯೂ ದೇಶಭಾಷೆಗಳಲ್ಲಿಯೂ ಅಚ್ಚುಹಾಕಿಸಲಾರದೆ? ಅಂಗಡಿಯವರು ಚಿಲ್ಲರೆಯೊಂದಿಗೆ ಎರಡು ಮಾತು ಹೇಳಲಾರರೆ? ಸಂಬಂಧಪಟ್ಟವರು ಇದನ್ನು ಗಮನಿಸಬೇಕೆಂದು ಒತ್ತಾಯಿಸುತ್ತೇವೆ. ಅಲ್ಲಿಯವರೆಗೆ, 2016ರಿಂದ ನಡೆಯುತ್ತಿರುವ ಉಚಿತ ರಾಷ್ಟ್ರೀಯ ಸಹಾಯವಾಣಿ 1800-11-2356ನ್ನು ನಮ್ಮವರು ಬಳಸಿಕೊಳ್ಳಲಿ. ಕನ್ನಡವೂ ಅದರ ಭಾಷೆಗಳಲ್ಲೊಂದು.

ಕಡೆಯದಾಗಿ, ಒಂದು ಕಾಲಕ್ಕೆ ನಮ್ಮವರೇ ಆಗಿದ್ದ ಹೋಟೆಲು ಮಾಲೀಕರಿಗೆ ಒಂದು ಮಾತು. ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತಿದ್ದಾಗ ನಾವೂ ಬೀಡಿ ಸೇದುವವನಿಗೆ ಹಿತ್ತಿಲ ಬಾಗಿಲಲ್ಲಿ ಐದು ನಿಮಿಷ ನಿಲ್ಲಲು ಬಿಟ್ಟೆವು; ಸೇದದವನು ಐದು ನಿಮಿಷ ಕುಳಿತರೆ ಸೋಮಾರಿಯೆಂದು ಗದರಿದೆವು. ವಿಶ್ರಾಂತಿಗಾಗಿಯೇ ಬೀಡಿ ಕಲಿತ ಹುಡುಗರು ಆಗ ನಮ್ಮ ಕಣ್ಣಿಗೆ ಬೀಳಲಿಲ್ಲ. ಬೀಡಿಗೆ ಕೊಡುವ ಬಿಡುವನ್ನು ಬೀಡಿ ಬಿಡುವವನಿಗೂ ಕೊಡಿರಿ. ಹೊತ್ತಿಗೆ ಸರಿಯಾಗಿ ಉಣ್ಣಲು ಬಿಡಿರಿ. ಗಮ್ಮು ಬಾಯಲ್ಲಿಟ್ಟು ಅರ್ಧ ಗಂಟೆ ಕಾಫಿ ಮುಟ್ಟೆನೆಂದು ಹಠ ಹಿಡಿದ ಹುಡುಗನನ್ನು ಕಂಡು ನಗಬೇಡಿರಿ. ಅವನ ಹಣೆಬರಹ ಆ ಅರ್ಧ ಗಂಟೆಯಲ್ಲಿಯೇ ತಿದ್ದಲ್ಪಡುತ್ತಿರಬಹುದು.