ಏನೂ ಆಗದ ಪ್ರಯೋಗಕ್ಕೂ ಅಂಕ ಬೇಕು

ಹತ್ತನೆಯ ತರಗತಿಯ ‘ಕಾರ್ಬನ್ ಮತ್ತು ಅದರ ಸಂಯುಕ್ತಗಳು’ ಪಾಠದಲ್ಲಿ ಆದೇಶನ ಕ್ರಿಯೆಗೆ ಸಿಗುವುದು ಕೆಲವೇ ಸಾಲು. ಅಭ್ಯಾಸ ಬೋಧನೆಯಲ್ಲಿ ಅದನ್ನು ಐದೇ ನಿಮಿಷದಲ್ಲಿ ಮುಗಿಸುವುದು ರೂಢಿ. ಕಪ್ಪುಹಲಗೆಯ ಎಡಗಡೆ ಮೀಥೇನ್ ಮತ್ತು ಕ್ಲೋರಿನ್, ನಡುವೆ ಬಾಣ, ಬಾಣದ ಮೇಲೆ ‘ಸೂರ್ಯಪ್ರಕಾಶ’, ಬಲಗಡೆ ಕ್ಲೋರೋಮೀಥೇನ್ ಮತ್ತು ಹೈಡ್ರೋಜನ್ ಕ್ಲೋರೈಡ್. ಮಕ್ಕಳು ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಹಾಗೇ ಬರೆಯುತ್ತಾರೆ. ಬಾಣದ ಮೇಲಿನ ಆ ಪದ ಅಲ್ಲೇಕಿದೆ ಎಂದು ಯಾರೂ ಕೇಳುವುದಿಲ್ಲ. ಕೇಳಲು ಕಾರಣವನ್ನೇ ನಾವು ಒದಗಿಸಿರುವುದಿಲ್ಲ. ಈ ಪಾಠ ಕ್ರಿಯೆಯಿಂದಲ್ಲ, ಕ್ರಿಯೆ ನಡೆಯದಿರುವುದರಿಂದ ಆರಂಭವಾಗಬೇಕು, ನಮ್ಮ ವೀಕ್ಷಣಾ ನಮೂನೆಯೂ ಅದಕ್ಕೆ ಜಾಗ ಮಾಡಿಕೊಡಬೇಕು ಎಂಬುದು ನನ್ನ ಅಭಿಪ್ರಾಯ.

ಆಲ್ಕೇನ್‌ಗಳ ಮುಖ್ಯ ಗುಣವೇ ನಿರಾಸಕ್ತಿ. 1830ರಲ್ಲಿ ರೈಖೆನ್‌ಬಾಖ್ ಮೇಣದಂಥ ಪದಾರ್ಥವೊಂದಕ್ಕೆ ‘ಪ್ಯಾರಫಿನ್’ ಎಂದು ಹೆಸರಿಟ್ಟದ್ದು, ಲ್ಯಾಟಿನ್‌ನಲ್ಲಿ ‘ಒಲವು ಕಡಿಮೆ’ ಎಂಬ ಅರ್ಥದಿಂದ. ಆಮ್ಲ, ಪ್ರತ್ಯಾಮ್ಲಗಳಿಗೆ ಅವು ಸುಲಭವಾಗಿ ಜಗ್ಗುವುದಿಲ್ಲ. ಎಮ್ಮೆದೊಡ್ಡಿಯ ಮಕ್ಕಳಿಗೂ ಆಲ್ಕೇನ್ ಹೊಸದಲ್ಲ. ಅಡುಗೆಯ ಸಿಲಿಂಡರಿನಲ್ಲಿರುವುದು ಮುಖ್ಯವಾಗಿ ಪ್ರೊಪೇನ್ ಮತ್ತು ಬ್ಯೂಟೇನ್, ಗೋಬರ್ ಗ್ಯಾಸಿನಲ್ಲಿ ಉರಿಯುವುದು ಮೀಥೇನ್, ಕರೆಂಟು ಹೋದಾಗ ಹಚ್ಚುವ ಮೇಣದಬತ್ತಿಯಲ್ಲಿರುವುದು ಉದ್ದ ಸರಪಳಿಯ ಆಲ್ಕೇನ್‌ಗಳು. ಕಿಡಿ ತಾಗಿದರೆ ಉರಿಯುತ್ತವೆ, ಇಲ್ಲದಿದ್ದರೆ ವರ್ಷಗಟ್ಟಲೆ ಸುಮ್ಮನಿರುತ್ತವೆ.

ಈ ಸುಮ್ಮನಿರುವಿಕೆಯನ್ನು ತೋರಿಸಲು ದೊಡ್ಡ ಪ್ರಯೋಗಾಲಯ ಬೇಕಿಲ್ಲ. ಎಮ್ಮೆದೊಡ್ಡಿ ಭಾಗದ ಪ್ರೌಢಶಾಲೆಯೊಂದರಲ್ಲಿ ನಾನು ಬಳಸಿದ್ದು ಮೂರು ಪ್ರನಾಳ, ಔಷಧಿ ಅಂಗಡಿಯ ಲಿಕ್ವಿಡ್ ಪ್ಯಾರಫಿನ್, ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ ಮತ್ತು ಕೆಲವು ಹನಿ ಟಿಂಕ್ಚರ್ ಅಯೋಡಿನ್. ಮೂರನ್ನೂ ಚೆನ್ನಾಗಿ ಕುಲುಕಿ ಬಿಸಿನೀರಿನಲ್ಲಿ ನಿಲ್ಲಿಸಬೇಕು. ಪ್ಯಾರಫಿನ್ ಪದರ ನೇರಳೆ ಛಾಯೆ ಪಡೆದು ಹಾಗೇ ಉಳಿಯುತ್ತದೆ. ಸೂರ್ಯಕಾಂತಿ ಎಣ್ಣೆಯಲ್ಲಿ ಬಣ್ಣ ತಿಳಿಯಾಗುತ್ತ ಬರುತ್ತದೆ, ಏಕೆಂದರೆ ಅಲ್ಲಿನ ದ್ವಿಬಂಧಗಳಿಗೆ ಅಯೋಡಿನ್ ಸೇರಿಕೊಳ್ಳುತ್ತದೆ. ಕೊಬ್ಬರಿ ಎಣ್ಣೆ ಆಲ್ಕೇನ್ ಅಲ್ಲ, ಎಸ್ಟರ್. ಆದರೂ ಅದರ ಸರಪಳಿಗಳು ಬಹುಪಾಲು ಪರ್ಯಾಪ್ತವಾದ್ದರಿಂದ ಬಣ್ಣ ಬಹಳ ಹೊತ್ತು ನಿಲ್ಲುತ್ತದೆ. ನೂರು ಗ್ರಾಂ ಎಣ್ಣೆ ಎಷ್ಟು ಗ್ರಾಂ ಅಯೋಡಿನ್ ಹೀರುತ್ತದೆ ಎಂಬ ‘ಅಯೋಡಿನ್ ಮೌಲ್ಯ’ ಕೊಬ್ಬರಿ ಎಣ್ಣೆಗೆ ಸುಮಾರು 6ರಿಂದ 11, ಸಾಮಾನ್ಯ ಸೂರ್ಯಕಾಂತಿ ಎಣ್ಣೆಗೆ ಸುಮಾರು 118ರಿಂದ 141. ತೆಂಗಿನ ಸೀಮೆಯಾದ ಕಡೂರಿನ ಮಕ್ಕಳಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಎಲ್ಲಿ ಸಿಕ್ಕೀತು?

ಪ್ಯಾರಫಿನ್ ಬದಲಾಗಲಿಲ್ಲ ಎಂದು ಕಣ್ಣಾರೆ ಕಂಡ ಮಗುವಿಗೆ ಮುಂದಿನ ಪ್ರಶ್ನೆ ತಾನಾಗಿ ಹುಟ್ಟುತ್ತದೆ: ಅಯೋಡಿನ್‌ಗೆ ಜಗ್ಗದ್ದು ಕ್ಲೋರಿನ್‌ಗೆ ಏಕೆ ಜಗ್ಗುತ್ತದೆ? ಸೂರ್ಯಪ್ರಕಾಶ ಪಾಠದೊಳಗೆ ಬರಬೇಕಾದದ್ದು ಆಗ. ಬೆಳಕು ಒಡೆಯುವುದು ಮೀಥೇನನ್ನಲ್ಲ, ಕ್ಲೋರಿನ್ ಅಣುವನ್ನು. ಒಂಟಿಯಾದ ಕ್ಲೋರಿನ್ ಪರಮಾಣು ಮೀಥೇನಿನಿಂದ ಒಂದು ಹೈಡ್ರೋಜನನ್ನು ಕಿತ್ತುಕೊಳ್ಳುತ್ತದೆ. ಉಳಿದ ಮೀಥೈಲ್ ಭಾಗ ಇನ್ನೊಂದು ಕ್ಲೋರಿನ್ ಅಣುವಿನಿಂದ ಒಂದು ಪರಮಾಣುವನ್ನು ಪಡೆದು, ಮತ್ತೊಂದನ್ನು ಒಂಟಿಯಾಗಿ ಬಿಡುತ್ತದೆ. ಹೀಗೆ ಸರಪಳಿ ಮುಂದುವರಿಯುತ್ತದೆ. ಕ್ಲೋರಿನ್ ಸಾಕಷ್ಟಿದ್ದರೆ ನಾಲ್ಕೂ ಹೈಡ್ರೋಜನ್‌ಗಳ ಜಾಗ ಒಂದೊಂದಾಗಿ ಕ್ಲೋರಿನ್ ಪಾಲಾಗುತ್ತದೆ. ಮೂರನೆಯ ಮೆಟ್ಟಿಲಲ್ಲಿ ಸಿಗುವುದೇ ಕ್ಲೋರೋಫಾರ್ಮ್.

ಮುಂದಿನ ಲೆಕ್ಕ ಮಕ್ಕಳಿಗಲ್ಲ, ಪಾಠ ಮಾಡುವ ನಮಗೆ. ಮೀಥೇನಿನಿಂದ ಹೈಡ್ರೋಜನ್ ಕೀಳುವ ಹಂತಕ್ಕೆ ಕ್ಲೋರಿನ್ ಪರಮಾಣುವಿಗೆ ತಗಲುವ ಶಕ್ತಿ ಒಂದು ಮೋಲ್‌ಗೆ ಸುಮಾರು 8 ಕಿಲೋಜೂಲ್, ಬ್ರೋಮಿನ್‌ಗೆ ಸುಮಾರು 73, ಅಯೋಡಿನ್‌ಗೆ ಸುಮಾರು 140. ಫ್ಲೋರಿನ್‌ಗೆ ಖರ್ಚೇ ಇಲ್ಲ, ಶಕ್ತಿ ಹೊರಬರುತ್ತದೆ. ಆದ್ದರಿಂದಲೇ ಫ್ಲೋರಿನ್ ಸ್ಫೋಟಿಸುತ್ತದೆ, ಕ್ಲೋರಿನ್ ಬೆಳಕಿನಲ್ಲಿ ಚುರುಕು, ಬ್ರೋಮಿನ್ ನಿಧಾನ, ಅಯೋಡಿನ್ ಸುಮ್ಮನೆ. ಇದು ತಿಳಿದಿದ್ದರೆ ಮಕ್ಕಳ ‘ಏಕೆ’ಗೆ ‘ಪುಸ್ತಕದಲ್ಲಿದೆ’ ಎಂದು ಉತ್ತರಿಸಬೇಕಾಗುವುದಿಲ್ಲ.

ಹಾಗಾದರೆ ಬ್ಲೀಚಿಂಗ್ ಪೌಡರಿಗೆ ಆಮ್ಲ ಹಾಕಿ ಕ್ಲೋರಿನ್ ತಯಾರಿಸಿ ನಿಜವಾದ ಕ್ರಿಯೆಯನ್ನೇ ತೋರಿಸಬಹುದಲ್ಲ ಎಂದು ಯಾರಾದರೂ ಕೇಳಬಹುದು. ಖಂಡಿತ ಬೇಡ. ಹೊಗೆಗೂಡಿಲ್ಲದ ಕೊಠಡಿಯಲ್ಲಿ ಕ್ಲೋರಿನ್ ಶ್ವಾಸಕೋಶಕ್ಕೆ ವಿಷ. ಆ ಕ್ರಿಯೆಗೆ ಚಿತ್ರವೋ ವಿಡಿಯೋವೋ ಸಾಕು. ಆದರೆ ಎಚ್ಚರಿಕೆಯ ಮಾತು ಪಾಠದಲ್ಲಿ ಇರಲೇಬೇಕು. ಶೌಚಾಲಯ ತೊಳೆಯುವ ಆಸಿಡ್ ಮತ್ತು ಬ್ಲೀಚಿಂಗ್ ಪೌಡರನ್ನು ಒಟ್ಟಿಗೆ ಸುರಿದರೆ ಹೊರಡುವುದು ಇದೇ ಅನಿಲ. ಸಮೀಕರಣವನ್ನು ಮಗು ಮರೆತರೂ ಈ ಮಾತು ಅದರ ಮನೆಯವರೆಗೆ ಹೋಗಬೇಕು.

ಇನ್ನು ನಮ್ಮ ನಮೂನೆಯ ವಿಷಯ. ಪಾಠ ಯೋಜನೆಯ ‘ವೀಕ್ಷಣೆ’ ಕಾಲಮ್ಮಿನಲ್ಲಿ ಬಣ್ಣ ಬದಲಾಗಬೇಕು, ಗುಳ್ಳೆ ಏಳಬೇಕು, ಒತ್ತರ ಕೂರಬೇಕು ಎಂಬ ನಿರೀಕ್ಷೆ ನಮ್ಮಲ್ಲಿ ಬೇರೂರಿದೆ. ‘ಬದಲಾವಣೆ ಇಲ್ಲ’ ಎಂದು ಬರೆಯಲು ಪ್ರಶಿಕ್ಷಣಾರ್ಥಿ ಹೆದರುತ್ತಾನೆ, ಪ್ರಯೋಗ ವಿಫಲವಾಯಿತು ಎಂದು ಅಂಕ ಹೋದೀತೆಂದು. 40 ನಿಮಿಷದ ಅವಧಿಯಲ್ಲಿ ಏನೂ ಆಗದ ಪ್ರಯೋಗಕ್ಕೆ ಸಮಯವೆಲ್ಲಿ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಪಕ್ಕದಲ್ಲಿ ಬದಲಾಗುವ ಇನ್ನೊಂದು ಪ್ರನಾಳವಿದ್ದರೆ ಬದಲಾಗದ ಪ್ರನಾಳವೂ ಪುರಾವೆಯೇ. ಹೋಲಿಕೆಯಿಲ್ಲದೆ ತೋರಿಸಿದರೆ ಮಾತ್ರ ಅದು ಕಾಲಹರಣ. ಹತ್ತು ನಿಮಿಷದಲ್ಲಿ ಮುಗಿಯುವ ಈ ಹೋಲಿಕೆ, ಉಳಿದ ಅರ್ಧ ಗಂಟೆಗೆ ಬೇಕಾದ ಪ್ರಶ್ನೆಗಳನ್ನು ಮಕ್ಕಳ ಬಾಯಿಂದಲೇ ಹೊರಡಿಸುತ್ತದೆ.

ಮಾರ್ಗದರ್ಶಕ ಉಪನ್ಯಾಸಕರಲ್ಲಿ ನನ್ನ ಕೋರಿಕೆ ಎರಡೇ. ವೀಕ್ಷಣಾ ನಮೂನೆಯಲ್ಲಿ ‘ಬದಲಾವಣೆ ಇಲ್ಲದಿರುವುದನ್ನು ಹೋಲಿಕೆಯೊಂದಿಗೆ ತೋರಿಸಿ, ಕಾರಣ ಚರ್ಚಿಸಲಾಗಿದೆಯೇ?’ ಎಂಬ ಒಂದು ಅಂಶ ಸೇರಿಸಿ. ಸಮೀಕರಣ ಬರೆಸುವ ಮೊದಲು ಬಾಣದ ಮೇಲಿನ ಪದಕ್ಕೆ ಮಕ್ಕಳಿಂದ ಕಾರಣ ಕೇಳಿದವರಿಗೆ ಅಂಕ ಕೊಡಿ. ನಾಳೆ ಹಳ್ಳಿಯ ಶಾಲೆಗಳಲ್ಲಿ ಕೆಲಸಕ್ಕೆ ನಿಲ್ಲುವವರು ನಾವು. ಅಲ್ಲಿ ಬ್ರೋಮಿನ್ ದ್ರಾವಣ ಸಿಗದಿದ್ದರೂ ಕೊಬ್ಬರಿ ಎಣ್ಣೆ ಸಿಕ್ಕೇ ಸಿಗುತ್ತದೆ.