ಮದ್ಯವಿಲ್ಲ ಎಂದ ಮಾತ್ರಕ್ಕೆ ಮೋಕ್‌ಟೇಲ್ ಒಳ್ಳೆಯದೇ?

ನಮ್ಮ ಮದುವೆ ಹಾಲ್‌ಗಳ ಬಾಗಿಲಲ್ಲಿ ಈಗ ನೀಲಿ, ಹಸಿರು, ಕೆಂಪು ಪಾನೀಯದ ಗ್ಲಾಸುಗಳು ಸಾಲಾಗಿ ನಿಂತಿರುತ್ತವೆ. ಹೆಸರು ಮೋಕ್‌ಟೇಲ್. 'ಮದ್ಯ ಇಲ್ಲವಲ್ಲ ಡಾಕ್ಟ್ರೇ, ಮತ್ತೇನು ತೊಂದರೆ?' ಎಂದು ನೀವು ಕೇಳಬಹುದು. ಮದ್ಯವಿಲ್ಲ, ನಿಜ. ಆದರೆ ಆಹಾರದ ಬಗ್ಗೆ ಹೇಳುವಾಗ ಕುರ್‌ಆನ್ ಹಲಾಲ್ ಎಂಬ ಪದದ ಜೊತೆಗೆ ತಯ್ಯಿಬ್ ಎಂಬ ಪದವನ್ನೂ ಇಟ್ಟಿದೆ. ಮೊದಲನೆಯದನ್ನು ನಾವು ಹತ್ತು ಸಲ ವಿಚಾರಿಸುತ್ತೇವೆ. ಎರಡನೆಯದರ ಬಗ್ಗೆ ಕೇಳುವವರೇ ಇಲ್ಲ.

ಲೆಕ್ಕ ನೋಡಿ. ಹೊರಗಿನಿಂದ ಸೇರಿಸುವ ಸಕ್ಕರೆ ದಿನಕ್ಕೆ 25 ಗ್ರಾಂ, ಅಂದರೆ ಆರು ಟೀ ಚಮಚದೊಳಗೆ ಇದ್ದರೆ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. 300 ಮಿಲಿ ಕೋಲಾದಲ್ಲೇ ಸುಮಾರು 30 ಗ್ರಾಂ ಸಕ್ಕರೆ ಇರುತ್ತದೆ. ಸಿರಪ್‌ಗೆ ಸಿಹಿ ಸೋಡಾ ಬೆರೆಸಿದ ಮೋಕ್‌ಟೇಲ್ ಅದಕ್ಕಿಂತ ಹಿಂದೆ ಬೀಳುವುದಿಲ್ಲ. ಮನೆಯಲ್ಲಿ ಹಿಂಡಿದ ಹಣ್ಣಿನ ರಸವೂ ಈ ಲೆಕ್ಕದೊಳಗೇ ಬರುತ್ತದೆ ಎಂಬುದು ಹಲವರಿಗೆ ಗೊತ್ತಿಲ್ಲ. ಒಂದು ಗ್ಲಾಸ್ ಕಿತ್ತಳೆ ರಸಕ್ಕೆ ಮೂರು ನಾಲ್ಕು ಹಣ್ಣು ಬೇಕು. ಅಷ್ಟನ್ನು ಕುಳಿತು ತಿನ್ನುವವರು ಅಪರೂಪ, ಕುಡಿಯುವುದಕ್ಕೆ ಅರ್ಧ ನಿಮಿಷ ಸಾಕು.

ಇನ್ನು ಬಣ್ಣ. 2024ರಲ್ಲಿ ರಾಜ್ಯ ಸರಕಾರ ಗೋಬಿ ಮಂಚೂರಿ, ಬಾಂಬೆ ಮಿಠಾಯಿ, ಆಮೇಲೆ ಕಬಾಬ್‌ಗೂ ಕೃತಕ ಬಣ್ಣ ಹಾಕಬಾರದೆಂದಾಗ ನಾವೆಲ್ಲ ಸರಿ ಎಂದೆವು. ಗ್ಲಾಸಿನೊಳಗಿನ ನೀಲಿಯ ಬಗ್ಗೆ ಮಾತ್ರ ಯಾರೂ ತುಟಿ ಬಿಚ್ಚಲಿಲ್ಲ.

ಶರಬತ್ತು ನಮಗೆ ಹೊಸದಲ್ಲ. 'ಕುಡಿ' ಎಂಬರ್ಥದ ಅರಬಿ ಧಾತುವಿನಿಂದ ಬಂದ ಪದ ಅದು. ಜೇನು ಮತ್ತು ವಿನೆಗರ್ ಸೇರಿಸಿ ಮಾಡುವ ಸಿಕಂಜಬೀನ್ ಯುನಾನಿಯ ಹಳೆಯ ಔಷಧಿ. ಇಬ್ನ್ ಸೀನಾರ 'ಕಾನೂನ್'ನಲ್ಲೂ ಅದರ ಮಾತಿದೆ. ಹಕೀಮರು ಶರಬತ್ತನ್ನು ಚಮಚದಲ್ಲಿ ಅಳೆದು, ರೋಗಿಯ ಮಿಝಾಜ್ ಮತ್ತು ಋತು ನೋಡಿ ಕೊಡುತ್ತಿದ್ದರು. ನಾವು ಈಗ ಅಳತೆಯನ್ನು ಬಿಟ್ಟು ಬಾಟಲಿಯನ್ನು ಮಾತ್ರ ಉಳಿಸಿಕೊಂಡಿದ್ದೇವೆ. ಅಂಗಡಿಯಲ್ಲಿ ಸಿಗುವ ಶರಬತ್ತಿನ ಸಿರಪ್‌ನಲ್ಲಿ ಹೆಚ್ಚಿನ ಪಾಲು ಸಕ್ಕರೆಯೇ. ಯುನಾನಿ ಓದಿದ ನಾನೇ ಇದನ್ನು ಹೇಳಬೇಕು.

ಹಾಗಾದರೆ ಏನು ಕುಡಿಯೋಣ? ನಮ್ಮ ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿದರೆ ಸಿಗುವ ಪುನರ್ಪುಳಿ, ಮಲೆನಾಡಿನವರ ಬಾಯಲ್ಲಿ ಮುರುಗಲು, ನನ್ನ ಮೊದಲ ಆಯ್ಕೆ. ಆರೇಳು ಒಣ ಸಿಪ್ಪೆಯನ್ನು ಒಂದು ಗ್ಲಾಸ್ ನೀರಿನಲ್ಲಿ ಅರ್ಧ ಗಂಟೆ ನೆನೆಸಿ ಹಿಸುಕಿ. ಚಿಟಿಕೆ ಉಪ್ಪು, ಹುರಿದ ಜೀರಿಗೆ ಪುಡಿ, ಬೇಕಿದ್ದರೆ ಒಂದು ಚಮಚ ಬೆಲ್ಲ ಹಾಕಿ. ಬಣ್ಣ ಯಾವ ಮೋಕ್‌ಟೇಲ್‌ಗೂ ಕಡಿಮೆಯಿಲ್ಲ, ಅದೂ ಹಣ್ಣಿನದೇ. ತೋಟದ ಕೆಲಸದಲ್ಲಿ ಬೆವರಿದವರಿಗೆ ಹನ್ನೊಂದು ಗಂಟೆಯ ಹೊತ್ತಿಗೆ ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ.

ಮಧ್ಯಾಹ್ನ ಊಟದೊಂದಿಗೆ ಚಹಾ ಕುಡಿಯುವ ಅಭ್ಯಾಸ ಅನೇಕ ಮನೆಗಳಲ್ಲಿದೆ. ಚಹಾ, ಕಾಫಿ ಎರಡೂ ಆಹಾರದ ಕಬ್ಬಿಣಾಂಶ ದೇಹಕ್ಕೆ ಸೇರುವುದನ್ನು ತಡೆಯುತ್ತವೆ. ನಿಂಬೆ ಅದನ್ನು ಹೆಚ್ಚಿಸುತ್ತದೆ. ರಕ್ತಹೀನತೆ ಇರುವ ತಾಯಂದಿರೇ, ಊಟಕ್ಕೆ ಉಪ್ಪು ಹಾಕಿದ ನಿಂಬೆ ನೀರು ಇಟ್ಟುಕೊಳ್ಳಿ, ಚಹಾವನ್ನು ಒಂದು ಗಂಟೆ ಮುಂದೆ ಹಾಕಿ.

ಶಾಲೆಯಿಂದ ಬಂದ ಮಕ್ಕಳಿಗೆ ಅನಾನಸ್ ಅಥವಾ ಬೇಲಿಗೆ ಹಬ್ಬಿಸಿದ ಪ್ಯಾಶನ್ ಫ್ರೂಟ್ ಸಾಕು. ಸೋಸಬೇಡಿ, ನಾರು ಗ್ಲಾಸಿನಲ್ಲೇ ಇರಲಿ. ಮಳೆಗಾಲದ ಸಂಜೆ ಐಸ್ ಹಾಕಿದ ಪಾನೀಯ ಈ ಊರಿನ ಹವೆಗೆ ಒಗ್ಗುವುದಿಲ್ಲ. ಶುಂಠಿ, ತೋಟದ ಕಾಳುಮೆಣಸು, ನಿಂಬೆ, ಒಂದು ಚಮಚ ಜೇನು ಬೆರೆಸಿದ ಬಿಸಿನೀರು ಕೊಡಿ. ವರ್ಷ ತುಂಬದ ಮಗುವಿಗೆ ಮಾತ್ರ ಜೇನು ಬೇಡವೇ ಬೇಡ. ಚಕ್ಕೋತ ಕೆಲವು ಕೊಲೆಸ್ಟ್ರಾಲ್ ಮತ್ತು ಬಿಪಿ ಮಾತ್ರೆಗಳ ಪರಿಣಾಮವನ್ನು ಬದಲಿಸಬಲ್ಲದು, ವೈದ್ಯರನ್ನು ಕೇಳಿ. ಮೂತ್ರಪಿಂಡದ ತೊಂದರೆ ಇರುವವರು ಎಳನೀರು, ಕಿತ್ತಳೆ ರಸದ ವಿಷಯದಲ್ಲೂ ಹಾಗೆಯೇ.

ರಮಝಾನ್‌ನಲ್ಲಿ ನನಗೆ ಚಿಂತೆ ಹೆಚ್ಚು. ಖರ್ಜೂರ ಮತ್ತು ನೀರಿನಿಂದ ಉಪವಾಸ ತೊರೆಯುವುದು ಸುನ್ನತ್. ಖರ್ಜೂರದಲ್ಲೇ ಬೇಕಾದಷ್ಟು ಸಿಹಿ ಇದೆ. ಅದರ ಮೇಲೆ ಎರಡು ಗ್ಲಾಸ್ ಸಿರಪ್ ಶರಬತ್ತು, ಆಮೇಲೆ ಕರಿದ ತಿಂಡಿ! ಮಧುಮೇಹ ಇರುವ ತಂದೆ ತಾಯಿಗೂ ನಾವು ಪ್ರೀತಿಯಿಂದ ಅದನ್ನೇ ಒತ್ತಾಯಿಸಿ ಕುಡಿಸುತ್ತೇವೆ. ಬದಲಿಗೆ ಸಿಹಿ ಹಾಕದ ಪುನರ್ಪುಳಿಗೆ ಚೆನ್ನಾಗಿ ನೆನೆದ ಕಾಮಕಸ್ತೂರಿ ಬೀಜ ಸೇರಿಸಿ ಕೊಡಿ. ಖರ್ಜೂರ ನೆನೆಸಿದ ನೀರಾದರೆ ಅಂದೇ ಮುಗಿಸಿ. ನೊರೆ ಬಂದರೆ, ಹುಳಿ ವಾಸನೆ ಹೊಡೆದರೆ ಚೆಲ್ಲಿ. ಹುದುಗಿದ್ದು ನಮಗೆ ಸಲ್ಲದು.

ಒಂದು ಸಂದರ್ಭದಲ್ಲಿ ಮಾತ್ರ ನನ್ನ ಮಾತೆಲ್ಲ ತಿರುವುಮುರುವು. ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವ ಉಪವಾಸಿಗರಿಗೆ ನಡುಕ, ತಣ್ಣನೆ ಬೆವರು, ಕಣ್ಣು ಮಂಜಾಗುವುದು ಕಂಡರೆ, ಅಥವಾ ಸಕ್ಕರೆಯ ಮಟ್ಟ 70ಕ್ಕಿಂತ ಕೆಳಗಿಳಿದರೆ, ಮಗ್ರಿಬ್‌ಗೆ ಕಾಯಬೇಡಿ. ಆ ಕ್ಷಣವೇ ಉಪವಾಸ ತೊರೆದು ಸಕ್ಕರೆ ನೀರನ್ನೋ ಸಿಹಿ ರಸವನ್ನೋ ಕುಡಿಸಿ. ಆಗ ಅದೇ ಔಷಧಿ.

ಮುಂದಿನ ನಿಖಾಹ್‌ಗೆ ಅಡುಗೆಯವರ ಜೊತೆ ಮಾತಾಡುವಾಗ ಇಷ್ಟು ಹೇಳಿ: ಬಾಗಿಲಲ್ಲಿ ಪುನರ್ಪುಳಿ, ನಿಂಬೆ ಎರಡೇ ಇರಲಿ, ಎರಡಕ್ಕೂ ಸಿಹಿ ಹಾಕಬೇಡಿ, ಪಕ್ಕದಲ್ಲಿ ಸಕ್ಕರೆಯ ಡಬ್ಬಿ ಮತ್ತು ಚಮಚ ಇಡಿ.